ಮೂರನೆಯ ಸಾಲಿನ ಹೂಂ

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಊರಿನಲ್ಲಿ ಕ್ಷೌರಕ್ಕೆ ಕೂತವರು ಹೆದರಬೇಕಾದ್ದಿಲ್ಲ. ನಿಂಗಪ್ಪನ ಕೈ ಗಿರಾಕಿಯ ಗಲ್ಲದ ಮೇಲಿದ್ದರೂ ಕಿವಿ ನಮ್ಮ ಅಜ್ಜನ ಪದ್ಯದ ಮೇಲಿರುತ್ತದೆ. ಅಜ್ಜ ಮೂರನೆಯ ಸಾಲಿನ ಕೊನೆಯ ಅಕ್ಷರವನ್ನು ಎಳೆಯಲು ತೊಡಗಿದನೆಂದರೆ ನಿಂಗಪ್ಪ ಕತ್ತಿಯನ್ನು ಮೇಲೆತ್ತಿ ಹಿಡಿಯುತ್ತಾನೆ. ನೆಲ ಹೂಂ ಎನ್ನುತ್ತದೆ. ಕತ್ತಿ ಮತ್ತೆ ಗಲ್ಲಕ್ಕೆ ಇಳಿಯುತ್ತದೆ. ಆರನೆಯ ಸಾಲಿಗೆ ಇನ್ನೊಮ್ಮೆ ಮೇಲೇಳುತ್ತದೆ, ಆಗಿನ ಹೂಂ ಇನ್ನಷ್ಟು ಉದ್ದ. ಪಕ್ಕದ ಬಳೆಯಂಗಡಿಯಲ್ಲಿ ನಮ್ಮಪ್ಪ ಬಳೆಗಳ ನಡುವೆ ಹುಲ್ಲು ತುರುಕಿಟ್ಟು, ಆ ಹೊತ್ತಿಗೆ ಸರಿಯಾಗಿ ಎರಡೂ ಅಂಗೈಗಳನ್ನು ಗಾಜಿನ ಕಪಾಟಿನ ಮೇಲೆ ಊರಿ ನಿಲ್ಲುತ್ತಾನೆ. ಹೊಸದಾಗಿ ಬಂದ ಬಸ್ಸಿನ ಡ್ರೈವರು ಮಾತ್ರ ಕೆಳಗಿಳಿದು ಟೈರು ನೋಡುತ್ತಾನೆ.

ಊರ ನಡುವಿನ ಬೋಳುಬಂಡೆಯ ಮೇಲೆ ಕಂಬಳಿ ಹಾಸಿಕೊಂಡು ಅಜ್ಜ ಓದುತ್ತಾನೆ. ಅವನ ಬಲಕ್ಕೆ, ಬರಿಯ ಬಂಡೆಯ ಮೇಲೆ, ನಾನು. ತಾಯಿಹಾಲು ಬಿಟ್ಟಾಗಿನಿಂದ ನನ್ನ ಜಾಗ ಅದೇ. ನಾನು ಹಾಡುವವಳಲ್ಲ, ಅರ್ಥ ಹೇಳುವವಳೂ ಅಲ್ಲ. ಕೇಳುವವಳು. ಪದ್ಯಗಳೆಲ್ಲ ನನ್ನೊಳಗೆ ಬಂದು ಕೂತಿವೆ, ಆದರೆ ನನ್ನ ಬಾಯಿಂದ ಒಂದೂ ಹೊರಗೆ ಹೋಗಿರಲಿಲ್ಲ. ನೆಲದ ಹೂಂ ಮೊದಲು ಅಂಗಾಲಿಗೆ ಬರುತ್ತದೆ, ಕಿವಿಗೆ ಆಮೇಲೆ. ಅಂಗಾಲಿಗೆ ಬಂದಾಗ ನಾನು ಕಣ್ಣು ಮುಚ್ಚಿ ಕೈ ಮುಗಿಯುತ್ತೇನೆ. ಎಲ್ಲ ಊರುಗಳಲ್ಲೂ ಹೀಗೇ ಎಂದುಕೊಂಡಿದ್ದೆ. ಹೈಸ್ಕೂಲಿನಿಂದ ಪ್ರವಾಸ ಹೋದಾಗ ಒಂದು ಛತ್ರದಲ್ಲಿ ಬೆಳಗಿನ ಪ್ರಾರ್ಥನೆಗೆ ಅಂಗೈಯನ್ನು ನೆಲಕ್ಕಿಟ್ಟು ಕಾದೆ. ಏನೂ ಬರಲಿಲ್ಲ. ಅಂಗೈ ತಣ್ಣಗಾಯಿತು ಅಷ್ಟೇ. ಆವತ್ತಿನಿಂದ ನನಗೆ ನೆಲದ ಪಾಠ ಓದಬೇಕು ಅನ್ನಿಸಿತು. ಪರೀಕ್ಷೆ ಮಾಡಿ ಬಯಲಿಗೆಳೆಯಬೇಕು ಎಂದಲ್ಲ. ಇಷ್ಟು ವರ್ಷ ನಮ್ಮ ಜೊತೆ ಕೂತು ಕೇಳಿದವರು ಯಾರು, ಒಳಗೆ ಹೇಗಿದ್ದಾರೆ, ಅದನ್ನು ತಿಳಿಯದೆ ಕೈ ಮುಗಿಯುವುದು ಅರ್ಧ ಮುಗಿದ ಹಾಗೆ ಅನ್ನಿಸುತ್ತಿತ್ತು.

ಪಿಯುಸಿ ಮುಗಿಯಿತು. ಭೂವಿಜ್ಞಾನ ಕಲಿಸುವ ಕಾಲೇಜುಗಳು ಮೂರು ಕಡೆ ಸೀಟು ಕೊಟ್ಟವು: ರಾಜಧಾನಿಯಲ್ಲಿ ಒಂದು, ಬಂದರಿನಲ್ಲಿ ಒಂದು, ಗಣಿಯೂರಿನಲ್ಲಿ ಒಂದು. ಯಾವುದಾದರೂ ಒಂದಕ್ಕೆ ಬರುವ ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ರಾಜಧಾನಿಯ ಕಾಲೇಜಿನಲ್ಲಿ ಎಲ್ಲೋ ದೂರದಲ್ಲಿ ಆದ ಭೂಕಂಪವನ್ನೂ ಬರೆದುಕೊಳ್ಳುವ ಯಂತ್ರವಿತ್ತು. ಬಂದರಿನವರು ದೋಣಿಯಲ್ಲಿ ಕರೆದುಕೊಂಡು ಹೋಗಿ ಕಡಲ ತಳದ ಕೆಸರು ತೆಗೆದು ತೋರಿಸುತ್ತಾರಂತೆ. ಗಣಿಯೂರಿನ ಪುಸ್ತಿಕೆಯಲ್ಲಿ ಹುಡುಗಿಯರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಸುತ್ತಿಗೆ ಹಿಡಿದು ನಗುತ್ತಿದ್ದರು. ಬೆಳಿಗ್ಗೆ ಯಂತ್ರ ಬೇಕೆನಿಸುತ್ತಿತ್ತು, ಊಟದ ಹೊತ್ತಿಗೆ ದೋಣಿ, ಸಂಜೆಗೆ ಸುತ್ತಿಗೆ. ಯಾವುದನ್ನು ಓದಿದರೂ ಅದೇ ಸರಿ ಅನ್ನಿಸುವುದು ನನ್ನ ದೌರ್ಬಲ್ಯ. ಕೇಳಿ ಕೇಳಿ ಬೆಳೆದವಳಿಗೆ ಹೇಳಿದವರೆಲ್ಲ ಸರಿಯಾಗಿಯೇ ಕಾಣುತ್ತಾರೆ.

ಆದರೆ ಆರಿಸುವುದು ನನ್ನ ಕೈಯಲ್ಲೂ ಇರಲಿಲ್ಲ. ನಮ್ಮಲ್ಲಿ ಹೆಣ್ಣಾಗಲಿ ಗಂಡಾಗಲಿ ಬೇರೆ ಊರಿಗೆ ಹೋಗಿ ನಿಲ್ಲುವ ಮೊದಲು ಮಣ್ಣು ಕೇಳಿಸುತ್ತಾರೆ. ಆ ಊರಿನಿಂದ ಒಂದು ಹಿಡಿ ಮಣ್ಣು ತಂದು, ಹಿತ್ತಾಳೆ ತಟ್ಟೆಯಲ್ಲಿ ಹರಡಿ, ಬೋಳುಬಂಡೆಯ ಮೇಲೆ ಇಟ್ಟು ಪದ್ಯ ಓದುತ್ತಾರೆ. ನೆಲ ಹೂಂ ಎಂದರೆ ಆ ಊರು ನಮ್ಮವರ ಮಾತು ಕೇಳುತ್ತದೆ, ಹೋಗಬಹುದು. ತಟ್ಟೆ ಇಟ್ಟಿದ್ದಾಗ ನೆಲ ಸುಮ್ಮನಿದ್ದರೆ ಅದು ಕಿವುಡು ಮಣ್ಣು. ಅಲ್ಲಿಗೆ ಯಾರೂ ಹೋಗುವುದಿಲ್ಲ. ನಮ್ಮವ್ವ ನೀಲಮ್ಮನ ಮಣ್ಣು ಕಿವುಡಾಗಿತ್ತು. ಅವಳು ಟೀಚರ್ ಟ್ರೈನಿಂಗಿಗೆ ಹೋಗಬೇಕೆಂದಿದ್ದಳಂತೆ. ಅವಳ ಅಪ್ಪ, ಅಂದರೆ ಇದೇ ಅಜ್ಜ, ತಾನೇ ಹೋಗಿ ಮಣ್ಣು ತಂದು, ತಾನೇ ಓದಿದ. ನೆಲ ಪಿಟ್ಟೆನ್ನಲಿಲ್ಲ. ಅವ್ವನಿಗೆ ಊರಲ್ಲೇ ಮನೆಯಳಿಯನನ್ನು ತಂದು ಮದುವೆ ಮಾಡಿದರು. ಅವ್ವ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಸಂಜೆ ಎಲ್ಲರೂ ಬಂಡೆಯ ಹತ್ತಿರ ಸೇರಿದಾಗ ಅವಳಿಗೆ ಮಾತ್ರ ಒಲೆಯ ಮುಂದೆ ಏನಾದರೂ ಕೆಲಸ ಇರುತ್ತಿತ್ತು.

ನನ್ನ ಮಣ್ಣು ತರಲು ಹೊರಟವನು ಅವ್ವನ ತಮ್ಮ ಬಕ್ಕೇಶ ಮಾವ. ಮಾವನಿಗೆ ಮಿಕ್ಸಿ ರಿಪೇರಿ ಅಂಗಡಿ ಇದೆ, ಆದರೆ ಬಸ್ಸಿನ ಕಿಟಕಿ ಪಕ್ಕ ಕೂರುವುದೇ ಅವನ ನಿಜವಾದ ಉದ್ಯೋಗ. ಮೂರೂ ಊರು ಸುತ್ತಿ, ಟವೆಲಿನ ಮೂರು ಮೂಲೆಗಳಲ್ಲಿ ಮೂರು ಗಂಟು ಕಟ್ಟಿಕೊಂಡು ಬಂದ.

"ಬದಲಾಗಿಲ್ಲ ತಾನೆ?" ಅಜ್ಜ ಕೇಳಿದ.

"ಬದಲಾಗಕೆ ನಾನೇನು ಹೆರಿಗೆ ಆಸ್ಪತ್ರೆಯಿಂದ ತಂದಿದೀನಾ ಅಪ್ಪಯ್ಯ? ಇದು ರಾಜಧಾನಿ, ಇದು ಬಂದರು, ಇದು ಗಣಿ. ನಾಕನೇ ಮೂಲೇಲಿ ಕಡ್ಲೆಕಾಯಿ ಐತೆ, ಅದನ್ನ ತಟ್ಟೇಲಿ ಹಾಕಬ್ಯಾಡ."

ಊರವರು ಸೇರಿದರು. ಅಜ್ಜ ಮೊದಲು ಗಣಿಯ ಮಣ್ಣಿಗೆ ಓದಿದ. ಕೆಂಪಗಿತ್ತು, ಕೈಗೆ ಅಂಟುತ್ತಿತ್ತು. ಮೂರನೆಯ ಸಾಲು ಹೋಯಿತು, ಆರನೆಯ ಸಾಲೂ ಹೋಯಿತು. ನೆಲ ಸುಮ್ಮನಿತ್ತು. ಬಂದರಿನ ಮರಳಿಗೂ ಹಾಗೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತದ್ದನ್ನು ಕಂಡೆ. ಕೊನೆಗೆ ರಾಜಧಾನಿಯ ಮಣ್ಣು. ಅಜ್ಜ ಮೂರನೆಯ ಸಾಲಿನ ಕೊನೆಯನ್ನು ಎಳೆಯುತ್ತಿದ್ದಂತೆಯೇ ನೆಲ ಹೂಂ ಎಂದಿತು. ತಟ್ಟೆ ಗಲಗಲಿಸಿತು. ಆರನೆಯ ಸಾಲಿಗೆ ಇನ್ನೊಂದು. ಯಾರೋ ಸಕ್ಕರೆ ತಂದರು. ನಿಂಗಪ್ಪ ಅರ್ಧ ಸೋಪು ಹಚ್ಚಿದ ಗಿರಾಕಿಯನ್ನೂ ಕರೆದುಕೊಂಡು ಬಂದು, "ರಾಜಧಾನಿಗೇ ನಮ್ ಪಾಪು!" ಅಂದ. ಅವ್ವ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

ನನಗೆ ಸಕ್ಕರೆ ಇಳಿಯಲಿಲ್ಲ. ಮಣ್ಣು ಕೇಳಿಸುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಬೇರೆ ಊರಿನ ಮಣ್ಣು ತಟ್ಟೆಯಲ್ಲಿದ್ದರೆ ನೆಲ ಆರನೆಯ ಸಾಲಿನವರೆಗೂ ತಡೆಯುತ್ತದೆ. ಬಾಗಿಲಲ್ಲಿ ನಿಂತ ಅಪರಿಚಿತರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಕರೆಯುವ ಹಾಗೆ, ಪದ್ಯವೆಲ್ಲ ಮುಗಿದ ಮೇಲೆ ಒಂದೇ ಒಂದು ಹೂಂ. ಮೂರನೆಯ ಸಾಲಿಗೇ ಓಗೊಡುವುದು ತಟ್ಟೆ ಇಲ್ಲದ ದಿನಗಳಲ್ಲಿ, ಮನೆಯವರಿಗೆ ಮಾತ್ರ. ಇದನ್ನು ಯಾರೂ ಗಮನಿಸಲಿಲ್ಲವೇ? ಅಥವಾ ನನ್ನ ಅಂಗಾಲೇ ಜೊಮ್ಮು ಹಿಡಿದಿತ್ತೇ? ಕೇಳೋಣವೆಂದರೆ ಸುತ್ತಲೂ ಎಲ್ಲರ ಬಾಯಲ್ಲಿ ಸಕ್ಕರೆ.

ಮರುದಿನ ಬೆಳಿಗ್ಗೆ ತಟ್ಟೆಯ ಮಣ್ಣನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ನೀರು ಹಾಕಿ ಅಕ್ಕಿ ಗಾಳಿಸುವಂತೆ ಗಾಳಿಸಿದೆ. ಹಗುರವಾದ ಕೆಸರೆಲ್ಲ ಹರಿದುಹೋಯಿತು. ತಳದಲ್ಲಿ ಉಳಿದದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಶಂಖದ ಚಿಪ್ಪುಗಳು, ಬಿಳಿಯವು, ಚಪ್ಪಟೆಯಾಗಿ ಸುತ್ತಿಕೊಂಡವು. ನನ್ನ ಕೈ ಅಲ್ಲೇ ನಿಂತಿತು. ಅವು ನಮ್ಮ ಕೆರೆಯ ಶಂಖಗಳು. ಚಿಕ್ಕವರಿದ್ದಾಗ ನಾವು ಅವನ್ನು ದಾರದಲ್ಲಿ ಪೋಣಿಸಿ ಗೊಂಬೆಗಳಿಗೆ ಸರ ಹಾಕುತ್ತಿದ್ದೆವು. ಹೋದ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಿದಾಗ ಲಾರಿಗಳು ಸಾಲಾಗಿ ನಿಂತು ತುಂಬಿಕೊಂಡು ಹೋದವು. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ.

ಮಾವನ ಅಂಗಡಿಗೆ ಹೋದೆ. "ಮಾವ, ರಾಜಧಾನಿ ಮಣ್ಣು ಎಲ್ಲಿ ತಗೊಂಡೆ?"

"ಕಾಲೇಜಿನ ಮುಂದೆ. ಎಂಥಾ ಹುಲ್ಲುಹಾಸು ಅಂತೀಯ! ಮಿಕ್ಕ ಕಡೆ ಎಲ್ಲಾ ಕಲ್ಲು ಹಾಸಿ ಬಿಟ್ಟವರೆ, ಉಗುಳಕ್ಕೂ ಮಣ್ಣಿಲ್ಲ. ತೋಟದವನು ಒಳ್ಳೆ ಮನುಷ್ಯ, ಹೊಸಾ ಮಣ್ಣು ಬಂದೈತೆ ತಗಳ್ಳಿ ಅಂದ. ಯಾಕೆ?"

ನಾನು ಅಂಗೈ ಬಿಚ್ಚಿ ತೋರಿಸಿದೆ. ಮಾವ ಬಗ್ಗಿ ನೋಡಿದ, ಆಮೇಲೆ ಮಿಕ್ಸಿಯ ಜಾರನ್ನು ಮೆಲ್ಲಗೆ ಕೆಳಗಿಟ್ಟ.

"ಅಲ್ಲ ಕಣೇ ಶಾಂಬಿ, ನಮ್ಮ ಮಣ್ಣಿಗೆ ನಮ್ಮ ನೆಲ ಹೂಂ ಅಂದಿದ್ದಾ?" ಅಂದ. ನನ್ನ ಅಂಗೈಯನ್ನು ತಾನೇ ಮಡಚಿ ಮುಚ್ಚಿದ. "ಇದನ್ನ ಯಾರಿಗೂ ಹೇಳಬ್ಯಾಡ. ಹೇಳಿದ್ರೆ ಮಿಕ್ಕಿದ್ದು ಎರಡೂ ಕಿವುಡು. ನೀನೂ ನಿಮ್ಮಪ್ಪನ ಜೊತೆ ಬಳೆ ತೊಡಿಸ್ತಾ ಕೂರಬೇಕಾಗುತ್ತೆ, ನೋಡ್ಕ."

ಅವನು ಹೇಳಿದ್ದು ಸರಿ. ಹೇಳಿದರೆ ಓದು ಹೋಯಿತು. ಹೇಳದಿದ್ದರೆ, ದಿನವೂ ಕೈ ಮುಗಿದ ನೆಲದ ಮೇಲೆ ಸುಳ್ಳು ಹೊರಿಸಿ, ಆ ನೆಲ ಯಾಕೆ ನಿಜ ಹೇಳುತ್ತದೆ ಎಂದು ಕಲಿಯಲು ಹೋದ ಹಾಗೆ. ಎರಡು ದಿನ ನನ್ನ ತಲೆ ಒನಕೆಯಿಲ್ಲದ ಒರಳಿನಂತೆ ಖಾಲಿ ಕೂತಿತ್ತು. ಸಂಜೆ ಬಂಡೆಯ ಮೇಲೆ ಕೂತರೂ ಪದ್ಯ ಒಳಗಿಳಿಯುತ್ತಿರಲಿಲ್ಲ. ನೆಲ ಹೂಂ ಎಂದಾಗ ನನ್ನನ್ನೇ ಕೇಳಿದಂತಾಗಿ ಕಾಲು ಹಿಂದಕ್ಕೆ ಎಳೆದುಕೊಂಡೆ.

ಶುಕ್ರವಾರ ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ. ಅಜ್ಜ ತುತ್ತು ಕೆಳಗಿಟ್ಟ. ಮಾವ ನನ್ನನ್ನು ದುರುಗುಟ್ಟಿ ನೋಡಿದ. ಅಪ್ಪ ಮಾತ್ರ ಊಟ ಮುಂದುವರಿಸಿದ. ಮನೆಯಳಿಯನಾಗಿ ಬಂದಾಗಿನಿಂದ ಮಣ್ಣಿನ ವಿಷಯದಲ್ಲಿ ಅವನು ಬಾಯಿ ಹಾಕುವುದಿಲ್ಲ.

"ಹಾಗಾದ್ರೆ ರಾಜಧಾನಿದು ಇನ್ನೊಂದು ಹಿಡಿ ತರಬೇಕು," ಅಂದ ಅಜ್ಜ.

"ಎಲ್ಲಿಂದ ತರಲಿ? ಅಲ್ಲಿ ಮಣ್ಣೇ ಇಲ್ಲ ಅಂತೀನಿ."

"ಬಂದರಿನ ಮರಳು ಎಲ್ಲಿದು ಮಾವ?" ನಾನು ಕೇಳಿದೆ.

"ಕಡಲ ದಂಡೇದು. ಕಾಲೇಜಿನ ಗೋಡೆಗೆ ಅಂಟಿಕೊಂಡೇ ಐತೆ."

"ಅದು ಅಲೆ ತಂದು ಹಾಕಿದ್ದಲ್ವಾ? ನಿನ್ನೆ ಬಂದಿದ್ದು, ನಾಳೆ ಹೋಗೋದು."

ಮಾವ ತಲೆ ಕೆರೆದುಕೊಂಡ. "ಗಣಿದು... ಗೇಟಿನ ಹತ್ರ ಕೆಂಪಗೆ ಗುಡ್ಡೆ ಬಿದ್ದಿತ್ತು. ಲಾರಿಯಿಂದ ಉದುರಿದ್ದೋ ಏನೋ. ಯಾವ ಗುಡ್ಡದ್ದು ಅಂತ ನಾನೇನು ಕೇಳ್ಲಿಲ್ಲ. ಅಯ್ಯೋ, ಮಣ್ಣಿಗೂ ಜಾತಕ ಕೇಳ್ಬೇಕಾ?"

ಯಾರೂ ನಗಲಿಲ್ಲ. ನಮ್ಮ ಕೆರೆಯ ಹೂಳು ಕೂಡ ಮೇಲಿನ ಗುಡ್ಡಗಳಿಂದ ಮಳೆಯಲ್ಲಿ ಇಳಿದು ಬಂದದ್ದು ಎಂದು ಆಗ ನನಗೆ ಹೊಳೆಯಿತು, ಹೊಳೆದದ್ದನ್ನು ಬಾಯಿಬಿಡಲು ಭಯವಾಯಿತು. ಯಾವ ಮಣ್ಣು ಯಾವ ಊರಿನದು? ಇಷ್ಟು ಕಾಲ ನಾವು ಕೇಳಿದ್ದು ಯಾರನ್ನು?

ಆಗ ಅವ್ವ ಕೇಳಿದಳು. ಸಾರಿನ ಸೌಟು ಅವಳ ಕೈಯಲ್ಲೇ ಇತ್ತು. "ಅಪ್ಪಯ್ಯ, ನನ್ನ ಮಣ್ಣು ಎಲ್ಲಿ ತುಂಬಿಕೊಂಡಿದ್ದೆ?"

ಅಜ್ಜ ತಲೆಯೆತ್ತಲಿಲ್ಲ. ಪದ್ಯದಲ್ಲಿ ಎಂದೂ ತಡವರಿಸದವನು ತಡವರಿಸಿದ. "ಟ್ರೈನಿಂಗ್ ಕಾಲೇಜಿನ ಮುಂದೆ ಕಟ್ಟಡ ಏಳ್ತಾ ಇತ್ತು ನೀಲಿ. ಮರಳು ಸುರಿದಿದ್ರು. ಬಿಸಿಲು ಬಾಳ ಇತ್ತು... ಅದರಲ್ಲೇ ಒಂದು ಹಿಡಿ."

ಅವ್ವ ಎಲ್ಲರಿಗೂ ಸಾರು ಬಡಿಸಿದಳು. ಅಜ್ಜನಿಗೂ ಬಡಿಸಿದಳು. ಸೌಟನ್ನು ಪಾತ್ರೆಯಲ್ಲಿಟ್ಟು, "ಬಕ್ಕೇಶ, ಈ ಮೂರೂರಲ್ಲಿ ಬರೀ ಬಂಡೆ ಎಲ್ಲೈತೆ? ಯಾರೂ ತಂದು ಹಾಕಿರಬಾರದು," ಅಂದಳು.

"ಗಣಿಯೂರಲ್ಲಿ ಕಾಲೇಜಿನ ಹಿಂದೆ ಬಂಡೆಯೋ ಬಂಡೆ. ಟವೆಲಲ್ಲಿ ಬಂಡೆ ಕಟ್ಕೊಂಡು ಬರಾಕಾಗುತ್ತಾ ಅಕ್ಕ?"

"ನೀನೇನು ತರಬ್ಯಾಡ. ನಾವೇ ಹೋಗ್ತೀವಿ. ಶಾಂಬಿ ನಿಂತ್ಕೊಂಡು ಕೇಳ್ತಾಳೆ."

"ಓದೋರು ಯಾರು?" ಅಜ್ಜ ಕೇಳಿದ. ಅವನ ಮೊಣಕಾಲು ಬಸ್ಸು ಹತ್ತುವಂತಿರಲಿಲ್ಲ.

"ಅವಳೇ."

ನಾನು ಓದಿದವಳಲ್ಲ ಎಂದು ಹೇಳಲು ಬಾಯಿ ತೆರೆದೆ. ಅವ್ವ ನನ್ನ ತಟ್ಟೆಗೆ ಅನ್ನ ಹಾಕಿದಳು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಅವ್ವ ಅಷ್ಟು ದೂರ ಹೋದದ್ದು ಮೊದಲ ಸಲ. ಬಸ್ಸು ನಿಂತಲ್ಲೆಲ್ಲ ಕಿಟಕಿಯಿಂದ ಬಗ್ಗಿ ರಸ್ತೆಯ ಅಂಚಿನ ಮಣ್ಣನ್ನು ಅನುಮಾನದಿಂದ ನೋಡುತ್ತಿದ್ದಳು. ಗಣಿಯೂರಿನಲ್ಲಿ ಮರದ ಎಲೆಗಳೂ ಕೆಂಪು, ನಾಯಿಗಳೂ ಕೆಂಪು. ಕಾಲೇಜಿನ ಹಿಂದೆ, ಮಾವ ಹೇಳಿದಂತೆ, ಬಂಡೆಗಳು. ಆದರೆ ನಮ್ಮೂರಿನ ಬಂಡೆಯಂತಲ್ಲ. ಕೆಂಪು ಕಪ್ಪು ಪಟ್ಟೆಗಳು, ಅಂಚು ಸೀರೆಯನ್ನು ಮಡಿಕೆ ಮಡಿಕೆಯಾಗಿ ಎಸೆದ ಹಾಗೆ. ಅಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ಕೂತು ಬುತ್ತಿ ತಿನ್ನುತ್ತಿದ್ದರು. ಸೀಟು ಬಂದ ಹುಡುಗಿ ಎಂದು ಅವ್ವ ನನ್ನನ್ನು ತೋರಿಸಿದಾಗ, ತಾನು ಇಲ್ಲಿಯ ಮೇಡಂ, ಹೆಸರು ವೈದೇಹಿ ಎಂದು ಹೇಳಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಮೇಡಮ್ಮಾರೇ, ಈ ಬಂಡೆ ಇಲ್ಲೇ ಹುಟ್ಟಿದ್ದಾ? ಯಾರೂ ತಂದಿಲ್ಲ ತಾನೆ?" ಅವ್ವ ಕೇಳಿದಳು.

ಅವರು ನಗಲಿಲ್ಲ. "ಯಾರೂ ತಂದಿಲ್ಲಮ್ಮ. ಆದ್ರೆ ಇದು ಹುಟ್ಟಿದಾಗ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತಿದ್ದು. ಆಮೇಲೆ ಒತ್ತಿ, ಮಡಚಿ, ಮೇಲೆ ಬಂದಿದೆ."

"ಸಮುದ್ರಾನಾ? ಬಸ್ ಸ್ಟ್ಯಾಂಡಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕಾಯ್ತಾ ಇದ್ರಲ್ಲ!"

"ಇಡೀ ನಾಡೇ ಒಂದು ಕಾಲಕ್ಕೆ ಬೇರೆ ಕಡೆ ಇತ್ತು. ಸರಿದು ಸರಿದು ಇಲ್ಲಿಗೆ ಬಂದಿದೆ. ಈಗಲೂ ಸರೀತಾ ಇದೆ, ಉಗುರು ಬೆಳೆಯೋ ಹಾಗೆ."

ಅವ್ವ ತನ್ನ ಉಗುರು ನೋಡಿಕೊಂಡಳು. "ಹಂಗಾದ್ರೆ ಯಾರಿಗೂ ಸ್ವಂತ ಊರು ಅಂತಾನೇ ಇಲ್ವೇನ್ರಿ?"

ಮೇಡಂ ಬುತ್ತಿಯ ಮುಚ್ಚಳ ಹಾಕಿ ಎದ್ದರು. "ಇನ್ನೇನು ಸೈರನ್ ಆಗತ್ತೆ. ಅದಾದ ಸ್ವಲ್ಪಕ್ಕೆ ಗಣೀಲಿ ಮದ್ದು ಸಿಡಿಸ್ತಾರೆ, ದಿನಾ ಮಧ್ಯಾಹ್ನ. ನೆಲ ಅದುರತ್ತೆ, ಗಾಬರಿಯಾಗಬೇಡಿ," ಎಂದು ಹೇಳಿ ಕಟ್ಟಡದ ಕಡೆ ನಡೆದರು.

ನಾನು ಚಪ್ಪಲಿ ಬಿಟ್ಟು ಬಂಡೆಯ ಮೇಲೆ ನಿಂತೆ. ಸುಡುತ್ತಿತ್ತು. "ಅವ್ವ, ಮದ್ದು ಸಿಡಿದು ಮುಗೀಲಿ, ಆಮೇಲೆ ಓದ್ತೀನಿ," ಅಂದೆ.

ಸೈರನ್ ಕೂಗಿತು. ಅವ್ವ ನನ್ನ ಹಿಂದೆ ಬಂದು ನಿಂತಳು. "ಈಗ್ಲೇ ಶುರು ಮಾಡು," ಅಂದಳು.

"ಈಗ ಬೇಡ ಅವ್ವ, ಗೊತ್ತಾಗಲ್ಲ..."

"ಶುರು ಮಾಡು ಅಂದೆ."

ಇಷ್ಟು ವರ್ಷ ಒಳಗೆ ಕೂತಿದ್ದ ಪದ್ಯ ಗಂಟಲಿಗೆ ಬಂದಾಗ ಅದು ಅಜ್ಜನ ದನಿಯಲ್ಲಿ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ತೆಳ್ಳಗಿನ, ಎಲ್ಲೂ ಕೇಳದ ದನಿ. ಮೊದಲ ಸಾಲು, ಎರಡನೆಯದು. ಮೂರನೆಯ ಸಾಲಿನ ಕೊನೆಯ ಅಕ್ಷರವನ್ನು ಎಳೆದೆ. ಉಸಿರು ಸಾಲದೆ ಅದು ನಡುಗಿತು.

"ಹೂಂ."

ಮೊದಲು ಕಿವಿಗೆ ಬಂತು. ಅಂಗಾಲಿಗೆ ಬರಲೇ ಇಲ್ಲ. ನನ್ನ ಹಿಂದೆ, ಬೆನ್ನಿಗೆ ಹತ್ತಿರ, ಒಲೆಯ ಮುಂದೆ ಕೂತು ವರ್ಷಗಟ್ಟಲೆ ಪದ್ಯ ಕೇಳಿಯೂ ಕೇಳದವಳಂತೆ ಇದ್ದವಳ ದನಿ. ಸಾಲು ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತಿತ್ತು. ತಿರುಗಿ ನೋಡಬೇಕೆನಿಸಿತು, ಪದ್ಯವನ್ನು ನಡುವೆ ಬಿಡುವಂತಿರಲಿಲ್ಲ. ನಾಲ್ಕು, ಐದು. ಆರನೆಯ ಸಾಲಿನ ಕೊನೆಗೆ ಬಾಯಿ ಮುಚ್ಚುತ್ತಿದ್ದಂತೆ ಅಂಗಾಲಿನಡಿ ಬಂಡೆ ಅದುರಿತು. ಕಿವಿಗೆ ಸದ್ದು ಬಂದದ್ದು ಅದರ ಮೇಲೆ, ದೂರದ ಗುಡ್ಡದಿಂದ, ಉದ್ದವಾಗಿ. ಮೊದಲು ಕಾಲಿಗೆ, ಆಮೇಲೆ ಕಿವಿಗೆ. ನಮ್ಮೂರಿನಲ್ಲಿ ಬರುವ ಹಾಗೆಯೇ.

"ಹೂಂ ಅಂತಲ್ಲ!" ಅಂದಳು ಅವ್ವ.

"ಅವ್ವ, ಅದು ಮದ್ದು."

"ಮದ್ದೋ ಗಿದ್ದೋ. ಅಂತೋ ಇಲ್ವೋ?"

ಅವಳ ಕಣ್ಣುಗಳಲ್ಲಿ ನೀರಿತ್ತು. ಧೂಳಿಗೆ ಬಂದದ್ದಿರಬಹುದು, ಅಲ್ಲಿ ಧೂಳು ಬಹಳ. ಕಟ್ಟಡದೊಳಗೆ ಒಪ್ಪಿಗೆಯ ಸಹಿ ಹಾಕುವಾಗ ನಾನು ಮೇಡಂ ಅವರನ್ನು ಕೇಳಿದೆ, ಅದುರು ಮೊದಲು ಕಾಲಿಗೆ ಯಾಕೆ ಬಂತು ಎಂದು. "ಕಲ್ಲಿನಲ್ಲಿ ಸದ್ದು ಗಾಳಿಗಿಂತ ಬೇಗ ಓಡತ್ತೆ. ಅದನ್ನೇ ಇಲ್ಲಿ ಕಲಿಸೋದು," ಅಂದರು. ಹಾಗಾದರೆ ನಮ್ಮ ಊರಿನ ಹೂಂ ಎಲ್ಲಿಂದ ಓಡಿ ಬರುತ್ತದೆ? ಎಷ್ಟು ಕೆಳಗಿನಿಂದ? ಅದನ್ನು ಸಿಡಿಸುವವರು ಯಾರು? ಕೇಳಲು ಹೋದವಳಿಗೆ ಇದ್ದ ಗೊಂದಲದ ಮೇಲೆ ಇನ್ನೊಂದು ಸೇರಿತು. ವಿಚಿತ್ರವೆಂದರೆ ಅದು ಭಾರವಾಗಲಿಲ್ಲ.

ಭಾನುವಾರ ಸಂಜೆ ಅಜ್ಜ ಬಂಡೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಅವ್ವ ಒಲೆಯ ಹತ್ತಿರ ಹೋಗದೆ ನನ್ನ ಜೊತೆಗೇ ಬಂದಳು.

"ಹೂಂ ಅಂತೇನು?" ಅಜ್ಜ ಕೇಳಿದ.

"ಅಂತು," ಅವ್ವನೇ ಹೇಳಿದಳು.

"ಮೂರನೇ ಸಾಲಿಗೋ, ಆರನೇ ಸಾಲಿಗೋ?"

ಅಂದರೆ ಅಜ್ಜನಿಗೂ ಆ ವ್ಯತ್ಯಾಸ ಗೊತ್ತಿತ್ತು. ರಾಜಧಾನಿಯ ಮಣ್ಣಿನ ದಿನವೂ ಗೊತ್ತಿತ್ತೇ? ಗೊತ್ತಿದ್ದೂ ನನ್ನನ್ನು ಕಳಿಸಲೆಂದು ಸುಮ್ಮನಿದ್ದನೇ?

"ಎರಡಕ್ಕೂ," ಅಂದಳು ಅವ್ವ, ಅವನ ಮುಖ ನೋಡುತ್ತ.

ಅಜ್ಜ ನನ್ನ ಕಡೆ ತಿರುಗಿದ. "ಶಾಂಬಿ, ಕಾಲಿಗೆ ಬಂತೋ, ಕಿವಿಗೆ ಬಂತೋ?"

"ಒಂದು ಕಿವಿಗೆ, ಒಂದು ಕಾಲಿಗೆ," ಅಂದೆ. ಅದು ಸುಳ್ಳಲ್ಲ.

ಬಳೆಯಂಗಡಿಯಲ್ಲಿ ಅಪ್ಪ ಕಪಾಟಿನ ಮೇಲೆ ಕೈಯೂರಿಕೊಂಡು ಕಾಯುತ್ತಿದ್ದ. ಅಜ್ಜ ಕಂಬಳಿಯ ಅರ್ಧವನ್ನು ಬಲಕ್ಕೆ ಎಳೆದು, ನಾನು ಕೂರುತ್ತಿದ್ದ ಜಾಗದ ಮೇಲೆ ಹಾಸಿದ. "ಇವಳು ಹೋದ್ರೆ ಕೇಳೋರು ಬೇಕಲ್ಲ. ಬಾರೆ ನೀಲಿ. ಕೂತ್ಕ," ಅಂದ.

ಅವ್ವ ಕಂಬಳಿಯನ್ನು ಪಕ್ಕಕ್ಕೆ ಸರಿಸಿ ಬರಿಯ ಬಂಡೆಯ ಮೇಲೆ ಕೂತಳು. ಅಜ್ಜ ಓದಲು ತೊಡಗಿದ. ನಾನು ದೂರದಲ್ಲಿ, ನಿಂಗಪ್ಪನ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದೆ. ಮೂರನೆಯ ಸಾಲಿನ ಕೊನೆಯ ಅಕ್ಷರವನ್ನು ಎಳೆದಾಗ ನಿಂಗಪ್ಪ ಎಂದಿನಂತೆ ಕತ್ತಿ ಎತ್ತಿ ಹಿಡಿದ. ಹೂಂ ಬಂತು. ಅವನು ಕತ್ತಿಯನ್ನು ಇಳಿಸಲು ಹೋದ. ಅಷ್ಟರಲ್ಲಿ ಅವ್ವ ಕೂತ ಕಡೆಯಿಂದ, ಕಿವಿಗೆ ಮಾತ್ರ, ಇನ್ನೊಂದು ಬಂತು. ಏನು ಮಾಡಬೇಕೆಂದು ತಿಳಿಯದೆ ಅವನು ಕತ್ತಿಯನ್ನು ಮತ್ತೆ ಮೇಲಕ್ಕೆತ್ತಿ, ಹಾಗೇ ಹಿಡಿದುಕೊಂಡು ನಿಂತ.